31 ಕೋಟಿಯ ಲೆಕ್ಕ, ಮತ್ತು ಆ ಲೆಕ್ಕಕ್ಕೆ ಸಿಗದ ಒಂದು ಗೊರಕೆ

ರಾತ್ರಿ ಹನ್ನೊಂದು ಗಂಟೆ. ಪಕ್ಕದ ರೂಮಿನಿಂದ ಗೊರಕೆ ಕೇಳಿಸುತ್ತಿದೆ. ದಿನಾ ಕೇಳುವ ಗೊರಕೆಯ ಹಾಗಿಲ್ಲ. ಗಂಟಲಲ್ಲಿ ನೀರು ಸಿಕ್ಕಿಕೊಂಡ ಹಾಗೆ ಗೊರಗೊರ ಸದ್ದು, ಆಮೇಲೆ ತುಂಬಾ ಹೊತ್ತು ಏನೂ ಇಲ್ಲ, ಇನ್ನೇನು ನಿಂತೇ ಹೋಯಿತು ಅನ್ನುವಾಗ ಮತ್ತೊಂದು ಎಳೆತ. ಅಮ್ಮ ಬಾಗಿಲು ಸರಿಸಿ ನೋಡುತ್ತಾಳೆ. ಮಗ ಮಲಗಿದ್ದಾನೆ. ಇವನು ಹೀಗೆ ಮಲಗಿ ಎಷ್ಟು ದಿನ ಆಯಿತು, ಎಬ್ಬಿಸುವುದು ಬೇಡ ಅಂತ ಲೈಟ್ ಆರಿಸಿ ಹೋಗುತ್ತಾಳೆ. ಬೆಳಗ್ಗೆ ಬಂದು ಮುಟ್ಟಿದರೆ ಮೈ ತಣ್ಣಗಿರುತ್ತದೆ.

ಓಪಿಯಾಯ್ಡ್ ಡ್ರಗ್ಸ್‌ನಿಂದ ಆಗುವ ಸಾವು ಎಷ್ಟೋ ಸಲ ಹೀಗೇ ಇರುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಒದ್ದಾಟ, ಕಿರುಚಾಟ ಏನೂ ಇಲ್ಲ. ಓಪಿಯಾಯ್ಡ್ ಅಂದರೆ ಅಫೀಮಿನ ಬಳಗ: ಮಾರ್ಫಿನ್, ಹೆರಾಯಿನ್, ಕೊಡೀನ್, ಟ್ರಮಡಾಲ್, ಫೆಂಟನಿಲ್. ಕೆಲವು ಗಸಗಸೆ ಗಿಡದ ಹಾಲಿನಿಂದ ಬಂದವು, ಕೆಲವು ಪೂರ್ತಿ ಲ್ಯಾಬಿನಲ್ಲೇ ಹುಟ್ಟಿದವು. ನಮ್ಮ ಮೆದುಳಿನ ಬುಡದಲ್ಲಿ ಉಸಿರಾಟ ನಡೆಸುವ ಒಂದು ಜಾಗ ಇದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದ ಕೂಡಲೇ ಅದು ಉಸಿರು ಎಳೆಯಲು ಹೇಳುತ್ತದೆ, ನಾವು ನಿದ್ದೆಯಲ್ಲಿದ್ದರೂ ಕೂಡ. ಓಪಿಯಾಯ್ಡ್ ಆ ಜಾಗವನ್ನು ಮಂಕಾಗಿಸುತ್ತದೆ. ಉಸಿರು ನಿಮಿಷಕ್ಕೆ ಹನ್ನೆರಡರಿಂದ ಎಂಟಕ್ಕೆ, ಎಂಟರಿಂದ ನಾಲ್ಕಕ್ಕೆ ಇಳಿಯುತ್ತದೆ. ನಾಲಿಗೆ ಸಡಿಲವಾಗಿ ಹಿಂದಕ್ಕೆ ಬಿದ್ದು ಗಂಟಲನ್ನು ಅರ್ಧ ಮುಚ್ಚುತ್ತದೆ. ಆ ಗೊರಗೊರ ಸದ್ದು ಬರುವುದು ಅಲ್ಲಿಂದ.

ಇದನ್ನು ಮೊದಲಿಗೇ ಹೇಳಿದ್ದಕ್ಕೆ ಕಾರಣ ಇದೆ. ಡ್ರಗ್ಸ್ ಬಗ್ಗೆ ಬರುವ ಸುದ್ದಿಗಳಲ್ಲಿ ನಮಗೆ ಸಿಗುವುದು ಸಾಮಾನ್ಯವಾಗಿ ಎರಡೇ ಸಂಖ್ಯೆ. ಎಷ್ಟು ಜನ ಸೇವಿಸುತ್ತಾರೆ, ಎಷ್ಟು ಕೆಜಿ ಹಿಡಿದರು. ನನ್ನ ಪ್ರಕಾರ ಇವೆರಡೂ ಸೇರಿದರೂ ಯಾರು ಸಾಯುತ್ತಾರೆ, ಯಾಕೆ ಸಾಯುತ್ತಾರೆ ಅನ್ನುವುದು ಗೊತ್ತಾಗುವುದಿಲ್ಲ. ಸೇವಿಸುವವರ ಸಂಖ್ಯೆ ಅಷ್ಟೇ ಇದ್ದು ಸಾವು ಇಪ್ಪತ್ತು ಪಟ್ಟು ಏರಬಹುದು. ಏರಿದೆ ಕೂಡ.

ಮೊದಲು ಆ ಸಂಖ್ಯೆಯನ್ನೇ ನೋಡೋಣ. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ ಪ್ರತಿ ವರ್ಷ ಜೂನ್ 26ರ ಆಸುಪಾಸಿಗೆ ಒಂದು ವರದಿ ತರುತ್ತದೆ. 2025ರ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಾದ್ಯಂತ 31.6 ಕೋಟಿ ಜನ ಡ್ರಗ್ಸ್ ಸೇವಿಸಿದ್ದರು. 15ರಿಂದ 64 ವಯಸ್ಸಿನವರಲ್ಲಿ ಇದು ಶೇ 6. ಹತ್ತು ವರ್ಷದ ಹಿಂದೆ, 2013ರಲ್ಲಿ, ಶೇ 5.2 ಇತ್ತು. ಇದರಲ್ಲಿ ಗಾಂಜಾ ಸೇವಿಸಿದವರು 24.4 ಕೋಟಿ, ಓಪಿಯಾಯ್ಡ್ 6.1 ಕೋಟಿ, ನಿದ್ದೆ ಓಡಿಸಿ ಚುರುಕು ತರುವ ಆಂಫೆಟಮಿನ್ ಜಾತಿಯವು 3 ಕೋಟಿಗೆ ಸ್ವಲ್ಪ ಜಾಸ್ತಿ, ಕೊಕೇನ್ 2.5 ಕೋಟಿ, ಎಕ್ಸ್ಟಸಿ 2.1 ಕೋಟಿ. ಕೂಡಿಸಿ ನೋಡಿದರೆ 31.6 ದಾಟಿ 38ಕ್ಕೆ ಹೋಗುತ್ತದೆ. ತಪ್ಪು ಲೆಕ್ಕ ಅಂದುಕೊಳ್ಳಬೇಡಿ. ಒಬ್ಬರೇ ಎರಡು ಮೂರು ಬಗೆಯದನ್ನು ತೆಗೆದುಕೊಳ್ಳುತ್ತಾರೆ, ಅಷ್ಟೇ. ಈ ಬೆರಕೆ ಎಷ್ಟು ಅಪಾಯ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಈಗ ಈ 31.6 ಕೋಟಿಯ ಅರ್ಥ ಏನು? 'ಕಳೆದ ಒಂದು ವರ್ಷದಲ್ಲಿ ಒಮ್ಮೆಯಾದರೂ' ಅಂತ. ಪಾರ್ಟಿಯಲ್ಲಿ ಯಾರೋ ಕೊಟ್ಟರು ಅಂತ ಗಾಂಜಾ ಎರಡು ದಮ್ಮು ಎಳೆದು ಕೆಮ್ಮಿ ಬಿಟ್ಟವನೂ ಇದರಲ್ಲಿ ಒಬ್ಬ, ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಚಿಕೊಳ್ಳುವವನೂ ಒಬ್ಬ. ಇಬ್ಬರೂ ಒಂದೊಂದು ಅಂಕಿ. ಮದ್ಯ, ತಂಬಾಕು ಇದರೊಳಗೆ ಬರುವುದೇ ಇಲ್ಲ. ಬಂದಿದ್ದರೆ ಪಟ್ಟಿಯ ರೂಪವೇ ಬೇರೆ ಆಗುತ್ತಿತ್ತು: ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಮದ್ಯದಿಂದ ಸತ್ತವರು 26 ಲಕ್ಷ, ಡ್ರಗ್ಸ್‌ನಿಂದ ಸತ್ತವರು 6 ಲಕ್ಷ, ತಂಬಾಕಿನಿಂದ ವರ್ಷಕ್ಕೆ 70 ಲಕ್ಷಕ್ಕೂ ಜಾಸ್ತಿ. ಯಾವುದನ್ನು 'ಡ್ರಗ್ಸ್' ಅನ್ನಬೇಕು, ಯಾವುದನ್ನು ಅನ್ನಬಾರದು ಎಂಬುದು ಬರೀ ಆರೋಗ್ಯ ನೋಡಿ ತೀರ್ಮಾನವಾದದ್ದಲ್ಲ ಅನ್ನುವುದು ಇಲ್ಲೇ ಕಾಣುತ್ತದೆ ಅಲ್ವಾ.

ಇನ್ನೊಂದು ತೊಡಕು ಎಣಿಸುವ ಬಗೆಯದ್ದು. ಮನೆ ಮನೆಗೆ ಹೋಗಿ ಕೇಳುವ ಸಮೀಕ್ಷೆಯಲ್ಲಿ ಬೀದಿಯಲ್ಲಿ ಮಲಗುವವರು ಸಿಗುವುದಿಲ್ಲ, ಜೈಲಿನಲ್ಲಿರುವವರು ಸಿಗುವುದಿಲ್ಲ, ಆಸ್ಪತ್ರೆಯಲ್ಲಿರುವವರು ಸಿಗುವುದಿಲ್ಲ. ಎಲ್ಲಿ ತೊಂದರೆ ಜಾಸ್ತಿಯೋ ಅಲ್ಲೇ ಸಮೀಕ್ಷೆಯವರ ಕಣ್ಣು ಹೋಗುವುದಿಲ್ಲ. ಸಿಕ್ಕವರೂ ಅಪ್ಪ ಅಮ್ಮ ಪಕ್ಕದಲ್ಲಿ ಕೂತಿರುವಾಗ ನಿಜ ಹೇಳುತ್ತಾರೆ ಅಂತ ನಂಬುವುದು ಕಷ್ಟ. ಅದಕ್ಕೇ ಯುರೋಪಿನಲ್ಲಿ 2011ರಿಂದ ಊರಿನ ಚರಂಡಿ ನೀರನ್ನೇ ಪರೀಕ್ಷೆ ಮಾಡುತ್ತಿದ್ದಾರೆ. ಕೊಕೇನ್ ಮೈಯಲ್ಲಿ ಕರಗಿ ಮೂತ್ರದಲ್ಲಿ ಹೊರಬರುವಾಗ ಒಂದು ಗುರುತು ಬಿಟ್ಟು ಹೋಗುತ್ತದೆ. ಆ ಗುರುತು ಸುಳ್ಳು ಹೇಳುವುದಿಲ್ಲ. ಬಹಳ ಊರುಗಳಲ್ಲಿ ಅದು ಶನಿವಾರ ಭಾನುವಾರ ಏರುತ್ತದೆ, ವಾರದ ನಡುವೆ ಇಳಿಯುತ್ತದೆ. ಗಾಂಜಾ ಮಾತ್ರ ಹೆಚ್ಚುಕಡಿಮೆ ಏಳೂ ದಿನ ಒಂದೇ ಮಟ್ಟ. ಪ್ರಶ್ನೆ ಪತ್ರಿಕೆ ಹೇಳದ್ದನ್ನು ಚರಂಡಿ ಹೇಳಿತು.

ಸೇವಿಸಿದವರಲ್ಲಿ ಎಷ್ಟು ಜನ ಚಟಕ್ಕೆ ಸಿಕ್ಕಿಬೀಳುತ್ತಾರೆ? 'ಒಂದು ಸಲ ಮುಟ್ಟಿದರೆ ಮುಗಿಯಿತು' ಅಂತ ಮಕ್ಕಳಿಗೆ ಹೇಳಿಕೊಡುತ್ತೇವೆ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಅದು ನಿಜ ಅಲ್ಲ, ಮಕ್ಕಳು ಅದನ್ನು ಬೇಗ ಕಂಡುಹಿಡಿಯುತ್ತಾರೆ, ಕಂಡುಹಿಡಿದ ಮೇಲೆ ನಾವು ಹೇಳಿದ ಬೇರೆ ಯಾವ ಮಾತನ್ನೂ ನಂಬುವುದಿಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ ಆದ ಒಂದು ದೊಡ್ಡ ಸಮೀಕ್ಷೆ ಈಗಲೂ ಎಲ್ಲರೂ ಎತ್ತಿ ಹೇಳುವಂಥದ್ದು. ಒಮ್ಮೆಯಾದರೂ ಬಳಸಿದವರಲ್ಲಿ ಮುಂದೆ ಚಟಕ್ಕೆ ಬಿದ್ದವರು ಗಾಂಜಾದಲ್ಲಿ ಸುಮಾರು ಶೇ 9, ಮದ್ಯದಲ್ಲಿ 15, ಕೊಕೇನ್‌ನಲ್ಲಿ 17, ಹೆರಾಯಿನ್‌ನಲ್ಲಿ 23. ಎಲ್ಲಕ್ಕಿಂತ ಮೇಲೆ ಇದ್ದದ್ದು ತಂಬಾಕು, 32. ಹೆರಾಯಿನ್‌ನಲ್ಲೂ ನಾಲ್ಕರಲ್ಲಿ ಮೂರು ಜನ ಚಟಕ್ಕೆ ಬಿದ್ದಿರಲಿಲ್ಲ. ಇದನ್ನು ಕೇಳಿ ಧೈರ್ಯ ತಂದುಕೊಳ್ಳಬೇಡಿ, ಯಾಕೆಂದರೆ ಆ ನಾಲ್ಕನೆಯವನು ನೀವೋ ಅಲ್ಲವೋ ಅನ್ನುವುದು ಮುಂಚೆ ತಿಳಿಯುವುದಿಲ್ಲ. ಮನೆತನದಲ್ಲಿ ಚಟದ ಇತಿಹಾಸ, ಚಿಕ್ಕಂದಿನಲ್ಲಿ ಪೆಟ್ಟು ತಿಂದ ಮನಸ್ಸು, ಖಿನ್ನತೆ, ಶುರು ಮಾಡಿದ ವಯಸ್ಸು, ಇವೆಲ್ಲ ಸೇರಿ ಆ ಅಂಕಿಯನ್ನು ಏರಿಸುತ್ತವೆ. ವಯಸ್ಸಿನ ಮಾತು ಮುಖ್ಯ. ಮುಂದೆ ಏನಾಗಬಹುದು ಅಂತ ಅಳೆದು ತೂಗುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಹತ್ತಿರ. ಹದಿನೈದರಲ್ಲಿ ಶುರು ಮಾಡಿದರೆ ಬ್ರೇಕ್ ಕೂರಿಸುವ ಮುಂಚೆಯೇ ಗಾಡಿ ಓಡಿಸಿದ ಹಾಗೆ.

ಸುತ್ತಲಿನ ಬದುಕು ಎಷ್ಟು ಮುಖ್ಯ ಅನ್ನುವುದಕ್ಕೆ ವಿಯೆಟ್ನಾಂ ಯುದ್ಧದ ಒಂದು ಸಂಗತಿ ಇದೆ. ಅಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐದರಲ್ಲಿ ಒಬ್ಬರು ಹೆರಾಯಿನ್ ಚಟಕ್ಕೆ ಬಿದ್ದಿದ್ದರು. 1971ರಲ್ಲಿ ಅವರು ವಾಪಸ್ ಬರುವಾಗ ಇನ್ನು ದೇಶದ ಗತಿ ಏನು ಅಂತ ಸರ್ಕಾರಕ್ಕೆ ದಿಗಿಲು. ಲೀ ರಾಬಿನ್ಸ್ ಎಂಬ ಸಂಶೋಧಕಿ ಅವರನ್ನು ಹುಡುಕಿ ಹುಡುಕಿ ಮಾತಾಡಿಸಿದರು. ಅಲ್ಲಿ ಚಟ ಹತ್ತಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ಶೇ 5, ಮೂರು ವರ್ಷದಲ್ಲಿ 12. ಹೆಚ್ಚಿನವರು ಚಿಕಿತ್ಸೆಯನ್ನೂ ತೆಗೆದುಕೊಂಡಿರಲಿಲ್ಲ. ಅದೇ ವಸ್ತು, ಅದೇ ಮೆದುಳು. ಬದಲಾದದ್ದು ಬಂದೂಕು, ಭಯ, ಬೇಸರ, ಕೈಗೆ ಸುಲಭವಾಗಿ ಸಿಗುತ್ತಿದ್ದ ಹೆರಾಯಿನ್. ಹಾಗಂತ ಎಲ್ಲರಿಗೂ ಬದಲಾಗುವ ಊರು ಇರುವುದಿಲ್ಲ. ಬಹಳ ಜನಕ್ಕೆ ಚಟ ಹತ್ತಿದ ಬೀದಿಯೇ ಮನೆಯ ಬೀದಿ.

ಚಟ ಅಂದರೆ ಮೆದುಳಿನಲ್ಲಿ ನಡೆಯುವುದು ಏನು? ಊಟ, ಗೆಳೆತನ, ಪ್ರೀತಿ ಇವುಗಳಿಂದ ಮೆದುಳಿನ ಒಂದು ಭಾಗದಲ್ಲಿ ಡೋಪಮಿನ್ ಚಿಮ್ಮುತ್ತದೆ. 'ಇದು ಬೇಕಾದದ್ದು, ನೆನಪಿಟ್ಟುಕೋ' ಅನ್ನುವ ಗುರುತು ಅದು. ಡ್ರಗ್ಸ್ ಅದೇ ಗುರುತನ್ನು ಹಲವು ಪಟ್ಟು ಜೋರಾಗಿ ಒತ್ತುತ್ತವೆ. ಮೆದುಳು ಸುಮ್ನೆ ಕೂರುವುದಿಲ್ಲ, ಇಷ್ಟು ಗದ್ದಲ ಬೇಡ ಅಂತ ತನ್ನ ಕಿವಿಯನ್ನೇ ಸ್ವಲ್ಪ ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಆಮೇಲೆ ನಿನ್ನೆಯ ಡೋಸ್ ಇವತ್ತು ಸಾಲುವುದಿಲ್ಲ. ಸಾಲದ್ದು ಡ್ರಗ್ಸ್ ಮಾತ್ರ ಆಗಿದ್ದರೆ ಪರವಾಗಿಲ್ಲ, ಮಗುವಿನ ನಗು, ಇಷ್ಟದ ಊಟ, ಯಾವುದೂ ಒಳಗೆ ಇಳಿಯುವುದಿಲ್ಲ. ವರ್ಷಗಟ್ಟಲೆ ಸೇವಿಸಿದವರನ್ನು ಕೇಳಿ ನೋಡಿ, ಮಜಾ ಯಾವತ್ತೋ ಹೋಯಿತು, ಈಗ ಮೈ ನೆಟ್ಟಗೆ ನಿಲ್ಲಲಿ ಅಂತ ಅಷ್ಟೇ ತೆಗೆದುಕೊಳ್ಳುವುದು ಅನ್ನುತ್ತಾರೆ. ಬಿಟ್ಟರೆ ಮೂಗು ಸೋರುತ್ತದೆ, ಮೈಯೆಲ್ಲ ನೋವು, ವಾಂತಿ, ಭೇದಿ, ಚಳಿ, ಕಾಲು ಒದ್ದುಕೊಳ್ಳುವುದು, ನಿದ್ದೆ ಇಲ್ಲ. ಓಪಿಯಾಯ್ಡ್ ಬಿಟ್ಟಾಗಿನ ಈ ಹಿಂಸೆಯಲ್ಲಿ ಜೀವ ಹೋಗುವುದು ಅಪರೂಪ, ಜೀವ ಹೋದರೆ ಸಾಕು ಅನ್ನಿಸುವುದು ಅಪರೂಪ ಅಲ್ಲ. ಮದ್ಯ ಮತ್ತು ಅಲ್ಪ್ರಜೊಲಾಮ್‌ನಂಥ ನಿದ್ದೆ ಮಾತ್ರೆಗಳದ್ದು ತಿರುಗಾಮುರುಗಾ: ಅವನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣವೇ ಹೋಗಬಹುದು. 'ಮನಸ್ಸು ಗಟ್ಟಿ ಮಾಡಿ ನಾಳೆಯಿಂದ ಬಿಟ್ಟುಬಿಡು' ಅಂತ ಹೇಳುವವರಿಗೆ ಈ ವ್ಯತ್ಯಾಸ ತಿಳಿದಿರಬೇಕು.

ಇನ್ನು ಒಂದೊಂದು ವಸ್ತುವೂ ಒಂದೊಂದು ಕಡೆ ಹೊಡೆಯುತ್ತದೆ. ಕೊಕೇನ್ ರಕ್ತನಾಳವನ್ನು ಬಿಗಿಯುತ್ತದೆ, ಹೃದಯವನ್ನು ಓಡಿಸುತ್ತದೆ. ಮೂವತ್ತು ವಯಸ್ಸಿನವನಿಗೆ ಹಾರ್ಟ್ ಅಟ್ಯಾಕ್ ಆಗಿ ಬಂದರೆ ತುರ್ತು ವಿಭಾಗದ ಡಾಕ್ಟರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಅದರ ಜೊತೆ ಮದ್ಯ ಕುಡಿದರೆ ಲಿವರ್ ಎರಡನ್ನೂ ಸೇರಿಸಿ ಕೊಕಾಎಥಿಲೀನ್ ಎಂಬ ಮೂರನೇ ವಸ್ತು ತಯಾರಿಸುತ್ತದೆ. ಅದು ಕೊಕೇನ್‌ಗಿಂತ ಜಾಸ್ತಿ ಹೊತ್ತು ಮೈಯಲ್ಲಿ ಉಳಿಯುತ್ತದೆ, ಹೃದಯಕ್ಕೆ ಇನ್ನೂ ಕೆಟ್ಟದ್ದು. ಮೆಥ್, ಅಂದರೆ ಆಂಫೆಟಮಿನ್ ಜಾತಿಯ ಮೆಥಾಂಫೆಟಮಿನ್, ಸೇವಿಸಿದವರು ಎರಡು ಮೂರು ದಿನ ನಿದ್ದೆ ಇಲ್ಲದೆ ಓಡಾಡುತ್ತಾರೆ, ಆಮೇಲೆ ಯಾರೋ ಹಿಂಬಾಲಿಸುತ್ತಿದ್ದಾರೆ, ಚರ್ಮದ ಕೆಳಗೆ ಹುಳ ಹರಿಯುತ್ತಿದೆ ಅನ್ನಿಸಿ ಕೆರೆದು ಕೆರೆದು ಗಾಯ ಮಾಡಿಕೊಳ್ಳುತ್ತಾರೆ. ಬಾಯಿ ಒಣಗಿ, ಹಲ್ಲು ಕಡಿದು ಕಡಿದು, ಹಲ್ಲುಗಳು ಬುಡದಿಂದಲೇ ಹುಳುಕಾಗುತ್ತವೆ. ಅರಿವಳಿಕೆಗೆ ಬಳಸುವ ಕೆಟಮಿನ್ ಮೂತ್ರಕೋಶವನ್ನು ಹಾಳುಮಾಡುತ್ತದೆ. ಇಪ್ಪತ್ತೆರಡರ ಹುಡುಗನಿಗೆ ಅರ್ಧ ಗಂಟೆಗೊಮ್ಮೆ ಮೂತ್ರ, ಅದರಲ್ಲಿ ರಕ್ತ. ಬಲೂನಿನಲ್ಲಿ ಎಳೆಯುವ ನಗೆ ಅನಿಲ ಏನೂ ಮಾಡುವುದಿಲ್ಲ ಅನ್ನುವವರು ಬಹಳ. ಅದು ಮೈಯಲ್ಲಿನ ವಿಟಮಿನ್ ಬಿ12 ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ, ದಿನಾ ಎಳೆದವರ ಕಾಲು ಜೋಮು ಹಿಡಿದು ನಡೆಯುವುದೇ ಕಷ್ಟ ಆಗುತ್ತದೆ. ಥಿನ್ನರ್, ಗೋಂದು, ವೈಟ್ನರ್ ಮೂಸುವ ಮಕ್ಕಳ ಹೃದಯದ ಬಡಿತ ಏಕಾಏಕಿ ತಪ್ಪಿ ಸಾವು ಬರಬಹುದು, ಅದೂ ಮೊದಲನೇ ಸಲವೇ. ಸಾಮಾನ್ಯವಾಗಿ ಡ್ರಗ್ಸ್ ಕಾನೂನಿನ ಪಟ್ಟಿಯಲ್ಲಿ ಇಲ್ಲದ, ಸ್ಟೇಷನರಿ ಅಂಗಡಿಯಲ್ಲಿ ಸಿಗುವ ವಸ್ತು ಇದು.

ಗಾಂಜಾ ಬಗ್ಗೆ ಮಾತಾಡಿದರೆ ಜಗಳ ಶುರುವಾಗುತ್ತದೆ. ಗಾಂಜಾ ಒಂದರಿಂದಲೇ ಉಸಿರು ನಿಂತು ಸತ್ತವರು ಇಲ್ಲವೇ ಇಲ್ಲ ಅನ್ನಬಹುದು, ಉಸಿರಾಟ ನಡೆಸುವ ಆ ಜಾಗದಲ್ಲಿ ಅದಕ್ಕೆ ಹೆಚ್ಚು ಹಿಡಿತ ಇಲ್ಲ. ಅದು ನಿಜ. 'ಗಿಡ ತಾನೇ, ಏನಾಗುತ್ತೆ' ಅನ್ನುವುದು ಮಾತ್ರ ಹಳೇ ಗಿಡದ ಮಾತು. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ 1995ರಲ್ಲಿ ಸುಮಾರು ಶೇ 4 ಇತ್ತು, 2021ರ ಹೊತ್ತಿಗೆ ಶೇ 15 ದಾಟಿತ್ತು. ಗಾಂಜಾದಿಂದ ತೆಗೆದ ಎಣ್ಣೆ, ಮೇಣಗಳಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ. ದಿನಾ ಸೇದುವ ಹದಿಹರೆಯದವರಲ್ಲಿ ನೆನಪು, ಓದು ಎರಡೂ ಕುಗ್ಗುತ್ತವೆ, ಇಲ್ಲದ್ದು ಕಾಣುವ, ಕೇಳಿಸುವ ಸೈಕೋಸಿಸ್ ಎಂಬ ಮಾನಸಿಕ ಕಾಯಿಲೆ ಬರುವ ಸಾಧ್ಯತೆ ಏರುತ್ತದೆ, ಮನೆತನದಲ್ಲಿ ಆ ಕಾಯಿಲೆ ಇದ್ದರಂತೂ ಇನ್ನೂ ಜಾಸ್ತಿ. ವರ್ಷಗಟ್ಟಲೆ ಸೇದಿದ ಕೆಲವರಿಗೆ ನಿಲ್ಲದ ವಾಂತಿ ಶುರುವಾಗುತ್ತದೆ. ಬಿಸಿನೀರು ಸುರಿದುಕೊಂಡರೆ ಮಾತ್ರ ಕಡಿಮೆ ಅನ್ನಿಸುವುದರಿಂದ ದಿನಕ್ಕೆ ಐದಾರು ಸಲ ಸ್ನಾನಕ್ಕೆ ಓಡುತ್ತಾರೆ. ಡಾಕ್ಟರು ಗುರುತು ಹಿಡಿಯುವುದೂ ಎಷ್ಟೋ ಸಲ ಈ ಸ್ನಾನದ ಕಥೆಯಿಂದಲೇ.

ಮತ್ತೆ ಸಾವಿಗೆ ಬರೋಣ. 2019ರಲ್ಲಿ ಡ್ರಗ್ಸ್‌ನಿಂದಾದ ಆ 6 ಲಕ್ಷ ಸಾವುಗಳಲ್ಲಿ ಹತ್ತಿರ ಹತ್ತಿರ ಶೇ 80ಕ್ಕೆ ಓಪಿಯಾಯ್ಡ್ ನಂಟು ಇದೆ, ಓಪಿಯಾಯ್ಡ್ ಓವರ್‌ಡೋಸ್ ಆಗಿ ಸತ್ತವರು ಸುಮಾರು ಶೇ 25. ಉಳಿದವರು? ಬಹಳ ಮಂದಿ ನಿಧಾನವಾಗಿ ಸತ್ತವರು. ಜಗತ್ತಿನಲ್ಲಿ ಸೂಜಿಯಿಂದ ಡ್ರಗ್ಸ್ ಚುಚ್ಚಿಕೊಳ್ಳುವವರು ಸುಮಾರು 1.39 ಕೋಟಿ, ಅವರಲ್ಲಿ ಅರ್ಧದಷ್ಟು ಜನಕ್ಕೆ ಹೆಪಟೈಟಿಸ್ ಸಿ, ಎಂಟರಲ್ಲಿ ಒಬ್ಬರಿಗೆ ಎಚ್‌ಐವಿ. ಹೆಪಟೈಟಿಸ್ ಸಿ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಚಟ ಬಿಟ್ಟು, ಮದುವೆಯಾಗಿ, ಕೆಲಸ ಹಿಡಿದು, ಹಳೇದೆಲ್ಲ ಮರೆತ ಮೇಲೆ ಒಂದು ದಿನ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ, ನೋಡಿದರೆ ಲಿವರ್ ಮುದುಡಿ ಹೋಗಿರುತ್ತದೆ. ಸಿಟ್ಟು ಬರಿಸುವ ಸಂಗತಿ ಏನೆಂದರೆ ಇದಕ್ಕೆ ಈಗ ಮಾತ್ರೆ ಇದೆ. ಎಂಟರಿಂದ ಹನ್ನೆರಡು ವಾರ ನುಂಗಿದರೆ ನೂರರಲ್ಲಿ ತೊಂಬತ್ತೈದು ಜನಕ್ಕೆ ವಾಸಿಯಾಗುತ್ತದೆ. 'ಇನ್ನೂ ಚುಚ್ಚಿಕೊಳ್ಳುತ್ತಾನೆ, ಇವನಿಗೆ ಯಾಕೆ ಕೊಡಬೇಕು' ಅಂತ ಎಷ್ಟೋ ಕಡೆ ಕೊಡುವುದಿಲ್ಲ. ಕೊಡದಿದ್ದರೆ ಅವನ ಸೂಜಿಯಿಂದ ಇನ್ನೊಬ್ಬನಿಗೆ ಹೋಗುತ್ತದೆ. ಹೊಸ ಸೂಜಿ ಕೊಟ್ಟು ಹಳೇದು ವಾಪಸ್ ತೆಗೆದುಕೊಳ್ಳುವ ಕೇಂದ್ರಗಳನ್ನು ಕಂಡರೆ ಜನಕ್ಕೆ ಆಗುವುದಿಲ್ಲ, ಚಟಕ್ಕೆ ಕುಮ್ಮಕ್ಕು ಅನ್ನುತ್ತಾರೆ. ಸೂಜಿ ಸಿಗಲಿಲ್ಲ ಅಂತ ಚಟ ಬಿಟ್ಟವರು ಯಾರಿದ್ದಾರೋ ನಾನಂತೂ ಕೇಳಿಲ್ಲ.

ಸೇವಿಸುವವರಿಗಿಂತ ಸಾವು ಜೋರಾಗಿ ಓಡಿತು ಅಂದೆನಲ್ಲ, ಅದು ಅಮೆರಿಕದ ಕಥೆ. 1980ರಲ್ಲಿ ಅಲ್ಲಿನ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಐದೇ ವಾಕ್ಯದ ಒಂದು ಪತ್ರ ಬಂತು. ಆಸ್ಪತ್ರೆಯಲ್ಲಿ ಓಪಿಯಾಯ್ಡ್ ನೋವುಮಾತ್ರೆ, ಇಂಜೆಕ್ಷನ್ ಪಡೆದ 11,882 ರೋಗಿಗಳಲ್ಲಿ ಹೊಸದಾಗಿ ಚಟ ಹತ್ತಿದ್ದು ನಾಲ್ಕೇ ಜನಕ್ಕೆ ಅಂತ. ಆಸ್ಪತ್ರೆಯಲ್ಲಿ ನರ್ಸ್ ಕೈಯಿಂದ ಕೆಲವು ದಿನ ತೆಗೆದುಕೊಂಡವರ ಲೆಕ್ಕ ಅದು. ಮನೆಗೆ ತಿಂಗಳುಗಟ್ಟಲೆ ಬರೆದುಕೊಟ್ಟರೆ ಏನಾಗುತ್ತದೆ ಅನ್ನುವುದರ ಬಗ್ಗೆ ಅದರಲ್ಲಿ ಒಂದು ಅಕ್ಷರ ಇರಲಿಲ್ಲ. ಆದರೂ ಆ ಪತ್ರವನ್ನು ನೂರಾರು ಲೇಖನಗಳು ಸಾಕ್ಷಿಯಾಗಿ ಎತ್ತಿಕೊಂಡವು. 1996ರಲ್ಲಿ ಆಕ್ಸಿಕಾಂಟಿನ್ ಎಂಬ ಓಪಿಯಾಯ್ಡ್ ನೋವುಮಾತ್ರೆ ಬಂತು, ಬೆನ್ನುನೋವಿಗೂ ಬರೆದುಕೊಟ್ಟರು. ಚಟ ಹರಡಿತು. ಆಮೇಲೆ ಸರ್ಕಾರ ಮಾತ್ರೆಯ ಮೇಲೆ ಬಿಗಿ ಮಾಡಿತು, ಚಟ ಹತ್ತಿದವರಲ್ಲಿ ಒಂದಿಷ್ಟು ಜನ ಹೆರಾಯಿನ್‌ಗೆ ತಿರುಗಿದರು, ಹೆರಾಯಿನ್ ಮಾರುವವರು ಫೆಂಟನಿಲ್‌ಗೆ ತಿರುಗಿದರು. ಫೆಂಟನಿಲ್ ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಜೋರು. ಸಾಗಿಸುವವನಿಗೆ ಲಾಭ, 50 ಚೀಲದ ಜಾಗದಲ್ಲಿ ಒಂದು ಚೀಲ. ಸೇವಿಸುವವನು 2 ಮಿಲಿಗ್ರಾಂಗೇ ಸಾಯಬಹುದು. ಪೆನ್ಸಿಲ್ ಮೊನೆಯ ಮೇಲೆ ನಿಲ್ಲುವಷ್ಟು ಪುಡಿ. ಗುಟ್ಟಾಗಿ ಯಾವುದೋ ಕೋಣೆಯಲ್ಲಿ ಬೆರೆಸಿ ಒತ್ತಿದ ಎರಡು ಮಾತ್ರೆಗಳಲ್ಲಿ ಒಂದರಲ್ಲಿ ಅರ್ಧ ಮಿಲಿಗ್ರಾಂ ಇದ್ದು ಇನ್ನೊಂದರಲ್ಲಿ ಮೂರು ಇರಬಹುದು. ಬಣ್ಣ, ಆಕಾರ ಎರಡೂ ಒಂದೇ. ಫೆಂಟನಿಲ್‌ನಂಥ ಲ್ಯಾಬ್ ಓಪಿಯಾಯ್ಡ್‌ಗಳಿಂದ ಅಮೆರಿಕದಲ್ಲಿ 2013ರಲ್ಲಿ ಸತ್ತವರು ಸುಮಾರು 3,100. 2021ರಲ್ಲಿ 70,000ಕ್ಕೂ ಜಾಸ್ತಿ. ಎಂಟು ವರ್ಷದಲ್ಲಿ ಅಲ್ಲಿ ಸೇವಿಸುವವರು ಇಪ್ಪತ್ತು ಪಟ್ಟು ಆಗಲಿಲ್ಲ. ಪೊಟ್ಟಣದೊಳಗಿನ ವಸ್ತು ಬದಲಾಯಿತು.

ಬೇರೆ ಕಡೆಯೂ ಅದೇ ಭಯ ಈಗ. ಅಫ್ಘಾನಿಸ್ತಾನದಲ್ಲಿ 2022ರ ಏಪ್ರಿಲ್‌ನಲ್ಲಿ ತಾಲಿಬಾನ್ ಗಸಗಸೆ ಬೆಳೆ ನಿಷೇಧಿಸಿತು, ಮುಂದಿನ ವರ್ಷ ಅಫೀಮು ಬೆಳೆಯುವ ಜಮೀನು ಶೇ 95 ಇಳಿಯಿತು. ಕೇಳಲು ಸಿಹಿ ಸುದ್ದಿ. ಹೊಲ ಖಾಲಿಯಾದ ಮಾತ್ರಕ್ಕೆ ಚಟ ಖಾಲಿಯಾಗುವುದಿಲ್ಲ, ಆ ಜಾಗಕ್ಕೆ ನಿಟಜೀನ್ ಎಂಬ ಇನ್ನೊಂದು ಲ್ಯಾಬ್ ಸರಕು ಯುರೋಪಿನ ಹಲವು ಕಡೆ ನುಸುಳಿದೆ. 1950ರ ದಶಕದಲ್ಲಿ ನೋವಿನ ಔಷಧಿ ಅಂತ ಕಂಡುಹಿಡಿದು, ಅಪಾಯ ಜಾಸ್ತಿ ಅಂತ ಬಳಕೆಗೇ ತಾರದೆ ಮೂಲೆಗೆ ಹಾಕಿದ್ದ ವಸ್ತುಗಳಿವು, ಕೆಲವು ಫೆಂಟನಿಲ್ ಅನ್ನೂ ಮೀರಿಸುತ್ತವೆ.

ಚಿಕಿತ್ಸೆ ಅಂದ ಕೂಡಲೇ ನಮ್ಮ ತಲೆಗೆ ಬರುವುದು 'ರಿಹ್ಯಾಬಿಗೆ ಸೇರಿಸುವುದು'. ಮೂರು ತಿಂಗಳು ಒಳಗೆ ಇಟ್ಟರೆ ಮೈಯೆಲ್ಲ ಶುದ್ಧವಾಗಿ ಹೊರಗೆ ಬರುತ್ತಾನೆ ಅನ್ನುವ ನಂಬಿಕೆ. ಈ ಲೇಖನದಲ್ಲಿ ನಾನು ಹೇಳಬೇಕು ಅಂದುಕೊಂಡ ಮುಖ್ಯ ಸಂಗತಿ ಇದೇ: ಓಪಿಯಾಯ್ಡ್ ಚಟ ಇರುವವನಿಗೆ ಅತಿ ಅಪಾಯದ ದಿನಗಳು ಹೊರಗೆ ಬಂದ ಮೊದಲ ಎರಡು ವಾರ. ಮೂರು ತಿಂಗಳಲ್ಲಿ ಮೈ ಒಗ್ಗಿಕೊಂಡಿದ್ದನ್ನು ಮರೆತಿರುತ್ತದೆ, ಮನಸ್ಸು ಮರೆತಿರುವುದಿಲ್ಲ. ಹಳೇ ಗೆಳೆಯ ಸಿಗುತ್ತಾನೆ, ಹಳೇ ಅಳತೆಯಲ್ಲೇ ತೆಗೆದುಕೊಳ್ಳುತ್ತಾನೆ. ಮುಂಚೆ ಆ ಅಳತೆ ಅವನನ್ನು ಎದ್ದು ಓಡಾಡುವಂತೆ ಇಡುತ್ತಿತ್ತು. ಈಗ ಉಸಿರು ನಿಲ್ಲಿಸುತ್ತದೆ. ಮನೆಯವರಿಗೆ ಗೊತ್ತಾಗಬಾರದು ಅಂತ ಬಾಗಿಲು ಬೇರೆ ಹಾಕಿಕೊಂಡಿರುತ್ತಾನೆ. ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಬಿಡುಗಡೆಯಾದವರನ್ನು ಹಿಂಬಾಲಿಸಿ ಮಾಡಿದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ಎರಡು ವಾರ ಓವರ್‌ಡೋಸ್‌ನಿಂದ ಸಾಯುವ ಸಾಧ್ಯತೆ ಉಳಿದ ಜನರಿಗಿಂತ 129 ಪಟ್ಟು ಜಾಸ್ತಿ ಇತ್ತು. ಜೈಲೋ ರಿಹ್ಯಾಬೋ, ಮೈಗೆ ಎರಡೂ ಒಂದೇ. ಬೀಗ ಹಾಕಿ ಬಡಿದು ಚಟ ಬಿಡಿಸುತ್ತೇವೆ ಅನ್ನುವ ಕೇಂದ್ರಗಳಂತೂ ಬೇರೆಯೇ ಕಥೆ. ಬಲವಂತದ ಇಂಥ ಕೇಂದ್ರಗಳನ್ನು ಮುಚ್ಚಿ ಅಂತ 2012ರಲ್ಲೇ ವಿಶ್ವಸಂಸ್ಥೆಯ ಹನ್ನೆರಡು ಅಂಗಸಂಸ್ಥೆಗಳು ಒಟ್ಟಾಗಿ ಹೇಳಿವೆ. ಇನ್ನೂ ನಡೆಯುತ್ತಲೇ ಇವೆ.

ಹಾಗಾದರೆ ಏನು ಕೆಲಸ ಮಾಡುತ್ತದೆ? ಮೆಥಡೋನ್, ಬುಪ್ರೆನಾರ್ಫಿನ್ ಎಂಬ ಎರಡು ಔಷಧಿಗಳಿವೆ. 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಇವೂ ಓಪಿಯಾಯ್ಡ್‌ಗಳೇ, ಆದರೆ ಮೈಯಲ್ಲಿ ನಿಧಾನವಾಗಿ ಉಳಿದು ಏರಿಳಿತ ಇಲ್ಲದಂತೆ ಇಡುತ್ತವೆ. ತೆಗೆದುಕೊಂಡವನು ಕೆಲಸಕ್ಕೆ ಹೋಗಬಹುದು, ಮಗುವನ್ನು ಶಾಲೆಗೆ ಬಿಡಬಹುದು. 'ಒಂದು ಚಟ ಬಿಡಿಸಲು ಇನ್ನೊಂದು ಚಟವಾ' ಅಂತ ಕೇಳುತ್ತಾರೆ. ಮೆಥಡೋನ್ ತೆಗೆದುಕೊಳ್ಳುತ್ತಿರುವವರ ಸಾವಿನ ಪ್ರಮಾಣ, ಅದನ್ನು ಬಿಟ್ಟವರದ್ದಕ್ಕೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ. ಸಕ್ಕರೆ ಕಾಯಿಲೆಯವನು ದಿನಾ ಇನ್ಸುಲಿನ್ ಚುಚ್ಚಿಕೊಂಡರೆ ಅದನ್ನು ಚಟ ಅನ್ನುವುದಿಲ್ಲ ಅಲ್ವಾ. ಕೊಕೇನ್, ಮೆಥ್ ಚಟಕ್ಕೆ ಇಂಥ ಔಷಧಿ ಇನ್ನೂ ಇಲ್ಲ. ಅಲ್ಲಿ ಫಲ ಕೊಟ್ಟಿರುವುದು ತಮಾಷೆ ಅನ್ನಿಸುವಂಥ ಸರಳ ಉಪಾಯ: ಪ್ರತಿ ಸಲ ಮೂತ್ರ ಪರೀಕ್ಷೆಯಲ್ಲಿ ಡ್ರಗ್ಸ್ ಇಲ್ಲ ಅಂತ ಬಂದರೆ ಒಂದು ಸಣ್ಣ ಬಹುಮಾನ, ಸತತವಾಗಿ ಬಂದರೆ ಬಹುಮಾನ ಸ್ವಲ್ಪ ಸ್ವಲ್ಪ ದೊಡ್ಡದು. ಹಾಳಾದ ಡೋಪಮಿನ್ ದಾರಿಗೆ ಬೇರೆ ಏನನ್ನೋ ಕಲಿಸುವ ಹಾಗೆ.

ಸಿಗುವುದು ಮಾತ್ರ ಕೆಲವರಿಗೆ. ವಿಶ್ವಸಂಸ್ಥೆಯ 2024ರ ವರದಿಯಲ್ಲಿ ಚಟದ ಕಾಯಿಲೆ ಇರುವವರು 6.4 ಕೋಟಿ, ಹನ್ನೊಂದರಲ್ಲಿ ಒಬ್ಬರಿಗೆ ಚಿಕಿತ್ಸೆ. ಗಂಡಸರಲ್ಲಿ ಏಳರಲ್ಲಿ ಒಬ್ಬರಿಗಾದರೆ ಹೆಂಗಸರಲ್ಲಿ ಹದಿನೆಂಟರಲ್ಲಿ ಒಬ್ಬರಿಗೆ. ಕುಡುಕ ಗಂಡ, ಡ್ರಗ್ಸ್ ಮಗ ಇವರನ್ನು ಕರೆದುಕೊಂಡು ಬರಲು ಒಬ್ಬಳು ಹೆಂಡತಿ, ಒಬ್ಬಳು ತಾಯಿ ಇರುತ್ತಾಳೆ. ಆಕೆಯೇ ಚಟಕ್ಕೆ ಬಿದ್ದರೆ ಕರೆದುಕೊಂಡು ಬರುವವರು ಯಾರು? ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ ಅನ್ನುವ ಹೆದರಿಕೆಯಲ್ಲಿ ಅವಳು ಬಾಯಿ ಬಿಡುವುದೇ ಇಲ್ಲ.

ಕಾನೂನು ಸಡಿಲ ಮಾಡಿದರೆ ಸರಿಹೋಗುತ್ತದಾ ಅಂತ ಕೇಳುವವರಿಗೆ ಎರಡು ಉದಾಹರಣೆ. ಪೋರ್ಚುಗಲ್ 2001ರಲ್ಲಿ ಹತ್ತು ದಿನದ ಬಳಕೆಯಷ್ಟು ಡ್ರಗ್ಸ್ ಇಟ್ಟುಕೊಳ್ಳುವುದನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಸಿಕ್ಕಿಬಿದ್ದವನನ್ನು ಕೋರ್ಟಿಗೆ ಕಳಿಸುವ ಬದಲು ಒಂದು ಸಣ್ಣ ಸಮಿತಿಯ ಮುಂದೆ ಕೂರಿಸಿತು, ಜೊತೆಗೆ ಚಿಕಿತ್ಸೆಗೆ ಹಣ ಹಾಕಿತು. ಸೂಜಿಯಿಂದ ಹರಡುವ ಎಚ್‌ಐವಿ ಭಾರಿ ಇಳಿಯಿತು. ಅಮೆರಿಕದ ಆರೆಗಾನ್ ರಾಜ್ಯ 2021ರಲ್ಲಿ ಅದನ್ನೇ ಮಾಡಲು ಹೋಯಿತು. ಶಿಕ್ಷೆ ತೆಗೆಯುವ ಕೆಲಸ ಒಂದೇ ದಿನದಲ್ಲಿ ಆಯಿತು, ಚಿಕಿತ್ಸೆ ಕಟ್ಟುವ ಕೆಲಸ ತಡವಾಯಿತು, ಅದೇ ಹೊತ್ತಿಗೆ ಫೆಂಟನಿಲ್ ಬಂದು ಕೂತಿತು. 2024ರ ಸೆಪ್ಟೆಂಬರ್‌ಗೆ ಡ್ರಗ್ಸ್ ಇಟ್ಟುಕೊಳ್ಳುವುದನ್ನು ಮತ್ತೆ ಅಪರಾಧದ ಪಟ್ಟಿಗೆ ಸೇರಿಸಿದರು. ಜನ ಇದನ್ನು 'ಸಡಿಲ ಮಾಡಿದರೆ ಹಾಳು' ಅಂತ ಓದುತ್ತಾರೆ. ಅರ್ಧ ಮನೆ ಕಟ್ಟಿ ಹಳೇ ಮನೆ ಕೆಡವಿದರೆ ಏನಾಗುತ್ತದೋ ಅದೇ ಅಲ್ಲಿ ಆದದ್ದು ಅಂತ ನನಗೆ ಅನ್ನಿಸುತ್ತದೆ.

ಅಮೆರಿಕದಲ್ಲಿ ಲಕ್ಷ ದಾಟಿದ್ದ ವರ್ಷದ ಓವರ್‌ಡೋಸ್ ಸಾವು 2024ರಲ್ಲಿ ಸುಮಾರು 80,000ಕ್ಕೆ ಇಳಿಯಿತು. ಕಾರಣ ಒಂದೇ ಅಲ್ಲ, ಅವುಗಳ ಬಗ್ಗೆ ತಜ್ಞರ ವಾದ ಇನ್ನೂ ಮುಗಿದಿಲ್ಲ. ಎಲ್ಲರೂ ಹೆಸರಿಸುವ ಒಂದು ಕಾರಣ ನಲಾಕ್ಸೋನ್. 1971ರಲ್ಲೇ ಒಪ್ಪಿಗೆ ಪಡೆದ ಔಷಧಿ. ಮೆದುಳಿನಲ್ಲಿ ಓಪಿಯಾಯ್ಡ್ ಕೂತ ಜಾಗದಿಂದ ಅದನ್ನು ತಳ್ಳಿ ತಾನು ಕೂರುತ್ತದೆ, ಎರಡು ಮೂರು ನಿಮಿಷದಲ್ಲಿ ಉಸಿರು ವಾಪಸ್ ಬರುತ್ತದೆ. ಓಪಿಯಾಯ್ಡ್ ತೆಗೆದುಕೊಂಡೇ ಇಲ್ಲದವನಿಗೆ ಕೊಟ್ಟರೂ ಏನೂ ಆಗುವುದಿಲ್ಲ. ಮೂಗಿಗೆ ಹೊಡೆಯುವ ಸ್ಪ್ರೇ ರೂಪದಲ್ಲಿ ಅಲ್ಲಿ 2023ರಿಂದ ಡಾಕ್ಟರ ಚೀಟಿ ಇಲ್ಲದೆ ಸಿಗುತ್ತದೆ. ಜಗತ್ತಿನ ಬಹಳ ಕಡೆ ಅದು ಆಸ್ಪತ್ರೆಯ ಕಪಾಟಿನೊಳಗಿನ ಇಂಜೆಕ್ಷನ್ ಆಗಿಯೇ ಇದೆ.

ಆ ಪಕ್ಕದ ರೂಮಿಗೆ ಮತ್ತೆ ಹೋಗುವುದಾದರೆ, ನೋಡಬೇಕಾದದ್ದು ಇಷ್ಟು. ಹೆಗಲು ಅಲುಗಾಡಿಸಿ ಜೋರಾಗಿ ಹೆಸರು ಕರೆಯಿರಿ, ಎದೆಯ ಮೂಳೆಯ ಮೇಲೆ ಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಿ. ಎಚ್ಚರ ಆಗದಿದ್ದರೆ ಅದು ನಿದ್ದೆ ಅಲ್ಲ. ರೆಪ್ಪೆ ಎತ್ತಿ ನೋಡಿದರೆ ಕಣ್ಣಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿರುತ್ತದೆ. ತುಟಿ, ಉಗುರು ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗಿರುತ್ತವೆ, ಮೈಬಣ್ಣ ಕಪ್ಪಾಗಿದ್ದರೆ ವಸಡು ನೋಡಬೇಕು. ಆಂಬುಲೆನ್ಸ್‌ಗೆ ಫೋನ್ ಮಾಡಿ, ಏನು ತೆಗೆದುಕೊಂಡಿದ್ದಾನೆ ಅನ್ನುವುದನ್ನು ಮುಚ್ಚಿಡದೆ ಹೇಳಿ. ನಲಾಕ್ಸೋನ್ ಇದ್ದರೆ ಕೊಡಿ. ಉಸಿರು ನಿಂತಿದ್ದರೆ ಅಥವಾ ಆಗೊಮ್ಮೆ ಈಗೊಮ್ಮೆ ಮಾತ್ರ ಬರುತ್ತಿದ್ದರೆ ಫೋನಿನಲ್ಲಿರುವವರು ಹೇಳಿದ ಹಾಗೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಿ, ಎದೆ ಒತ್ತಿ. ತಾನಾಗಿ ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ, ವಾಂತಿ ಬಂದರೆ ಗಂಟಲಿಗೆ ಹೋಗದ ಹಾಗೆ. ಸ್ವಲ್ಪ ಹೊತ್ತಿಗೆ ಅವನು ಕಣ್ಣು ಬಿಟ್ಟು, ನಶೆ ಇಳಿಸಿದ್ದಕ್ಕೆ ನಿಮ್ಮ ಮೇಲೇ ರೇಗಬಹುದು, ನನಗೇನೂ ಆಗಿಲ್ಲ ಅಂತ ಎದ್ದು ಹೊರಡಬಹುದು. ನಲಾಕ್ಸೋನ್ ಕೆಲಸ ಮಾಡುವುದು ಮೂವತ್ತರಿಂದ ತೊಂಬತ್ತು ನಿಮಿಷ. ಒಳಗಿರುವ ಡ್ರಗ್ಸ್ ಅದಕ್ಕಿಂತ ಜಾಸ್ತಿ ಹೊತ್ತು ಇರುತ್ತದೆ, ಔಷಧಿ ಇಳಿದ ಮೇಲೆ ಅದೇ ಗೊರಕೆ ಮತ್ತೆ ಶುರುವಾಗಬಹುದು. ಆಂಬುಲೆನ್ಸ್ ಬರುವ ತನಕ ಲೈಟ್ ಹಾಕಿಟ್ಟು ಪಕ್ಕದಲ್ಲೇ ಒಬ್ಬರು ಕೂತಿರಬೇಕು.